ಅರ್ಲ್ ಗ್ರೇ ಚಹಾಕ್ಕೆ ಸೋಪಿನ ವಾಸನೆ ಏಕೆ? ಕಂಪಿನ ಚಹಾಗಳನ್ನು ಮಾಡುವ, ಕುಡಿಯುವ ಬಗೆ

ಪ್ರಶ್ನೆ: ನಾವು ದಾವಣಗೆರೆಯವರು. ಮನೆಯಲ್ಲಿ ಮೊದಲಿನಿಂದಲೂ ಚಹಾ ಪುಡಿ, ಹಾಲು, ಸಕ್ಕರೆ, ಶುಂಠಿ ಹಾಕಿ ಚೆನ್ನಾಗಿ ಕುದಿಸಿದ ಚಹಾವೇ. ಲಂಡನ್ನಿನಲ್ಲಿರುವ ಮಗಳು ಈ ಸಲ ಬಂದಾಗ ಎರಡು ಡಬ್ಬಿ ತಂದಳು. ಒಂದು ಅರ್ಲ್ ಗ್ರೇ, ಇನ್ನೊಂದು ಲ್ಯಾಪ್ಸಾಂಗ್ ಸೂಚಾಂಗ್. ದುಬೈಯಲ್ಲಿರುವ ನನ್ನ ತಮ್ಮ ಇರಾನಿ ಅಂಗಡಿಯ ಏಲಕ್ಕಿ ಚಹಾ ಕೊಟ್ಟಿದ್ದಾನೆ. ಅರ್ಲ್ ಗ್ರೇ ಪುಡಿಯನ್ನು ಎಂದಿನಂತೆ ಹಾಲಿನಲ್ಲಿ ಕುದಿಸಿದೆ. ಸೋಪು ನೀರಿನ ವಾಸನೆ, ಅದರ ಮೇಲೆ ಕಹಿ. ಲ್ಯಾಪ್ಸಾಂಗ್ ಡಬ್ಬಿ ತೆರೆದರೆ ಸುಟ್ಟ ಕಟ್ಟಿಗೆಯ ವಾಸನೆ. ‘ಇವೆಲ್ಲ ಕೆಮಿಕಲ್ ಹೊಡೆದ ಚಹಾ, ಮನೆಯಲ್ಲಿ ಯಾರಿಗೂ ಕೊಡಬೇಡ’ ಎನ್ನುತ್ತಾರೆ ನಮ್ಮತ್ತೆ. ಅರ್ಲ್ ಗ್ರೇ ಕುಡಿದರೆ ಸ್ನಾಯು ಹಿಡಿದುಕೊಳ್ಳುತ್ತದೆ, ಅದರಲ್ಲಿರುವ ನಿಂಬೆ ಜಾತಿಯ ಹಣ್ಣಿಗೂ ಹಾಲಿಗೂ ಆಗುವುದಿಲ್ಲ ಎಂದು ವಾಟ್ಸ್‌ಆ್ಯಪ್‌ನಲ್ಲೂ ಬಂದಿತ್ತು. ನಮ್ಮ ಯಜಮಾನರು ಬಿ.ಪಿ.ಗೆ, ಕೊಲೆಸ್ಟ್ರಾಲ್‌ಗೆ ಮಾತ್ರೆ ತೆಗೆದುಕೊಳ್ಳುತ್ತಾರೆ. ಅವರು ಇದನ್ನು ಕುಡಿಯಬಹುದೇ? ಮಗಳು ಪ್ರೀತಿಯಿಂದ ತಂದದ್ದನ್ನು ಬಿಸಾಡಲು ಮನಸ್ಸು ಬರುತ್ತಿಲ್ಲ. ಹಿತ್ತಲಲ್ಲಿ ಮಲ್ಲಿಗೆ ಬಳ್ಳಿಯಿದೆ, ಅದರ ಹೂವು ಹಾಕಿ ಮನೆಯಲ್ಲೇ ಇಂಥ ಚಹಾ ಮಾಡಲು ಬರುತ್ತದೆಯೇ?

ಉತ್ತರ: ಬಿಸಾಡಬೇಡಿ. ಮೂರು ಡಬ್ಬಿಯೂ ಒಳ್ಳೆಯ ಚಹಾವೇ ಇರಬೇಕು. ನಿಮ್ಮ ಪತ್ರದಲ್ಲಿ ಮೂರು ಅಳುಕು ಕಾಣಿಸುತ್ತಿವೆ: ರುಚಿ ಯಾಕೆ ಕೆಟ್ಟಿತು, ಇದರಲ್ಲಿ ಕೃತಕವಾದದ್ದು ಏನಿದೆ, ಮಾತ್ರೆ ತೆಗೆದುಕೊಳ್ಳುವವರಿಗೆ ಅಪಾಯವೇ. ಕೂನೂರಿನ ಹರಾಜಿಗೆ ಬರುವ ಚಹಾಗಳ ರುಚಿ ನೋಡಿ ಮಿಶ್ರಣ ಹೊಂದಿಸುವುದು ನನ್ನ ಕಸುಬು. ಹಾಗಾಗಿ ಮೊದಲೆರಡಕ್ಕೆ ನೇರವಾಗಿ ಉತ್ತರಿಸುತ್ತೇನೆ. ಮೂರನೆಯದರಲ್ಲಿ ಚಹಾಕ್ಕೆ ಸಂಬಂಧಿಸಿದಷ್ಟು ಹೇಳುತ್ತೇನೆ, ಉಳಿದದ್ದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಸೋಪಿನ ವಾಸನೆ ಬಂತು ಎಂದಿರಿ. ನಿಮ್ಮ ಮೂಗು ಸರಿಯಾಗಿಯೇ ಇದೆ. ಅರ್ಲ್ ಗ್ರೇ ಎಂದರೆ ಬರ್ಗಮಾಟ್ ಹಣ್ಣಿನ ಸಿಪ್ಪೆಯ ಎಣ್ಣೆ ಸವರಿದ ಕಪ್ಪು ಚಹಾ. ಬರ್ಗಮಾಟ್ ನಿಂಬೆ, ಕಿತ್ತಳೆಗಳ ಬಳಗದ ಹಣ್ಣು, ಹೆಚ್ಚಾಗಿ ಬೆಳೆಯುವುದು ಇಟಲಿಯ ದಕ್ಷಿಣದ ತುದಿಯಲ್ಲಿರುವ ಕಲಾಬ್ರಿಯಾದ ಕರಾವಳಿಯಲ್ಲಿ. ಹಣ್ಣನ್ನು ಹಾಗೇ ತಿನ್ನುವವರು ಕಡಿಮೆ, ಬೆಲೆಯೆಲ್ಲ ಸಿಪ್ಪೆಗೆ. ಆ ಎಣ್ಣೆಯಲ್ಲಿ ಲಿಮೊನೀನ್, ಲಿನಲೈಲ್ ಅಸಿಟೇಟ್, ಲಿನಲೂಲ್ ಎಂಬ ಪರಿಮಳದ ಅಂಶಗಳು ಹೆಚ್ಚು. ಇವುಗಳಲ್ಲಿ ಕೊನೆಯ ಎರಡು ಲ್ಯಾವೆಂಡರ್‌ನಲ್ಲೂ ಇವೆ, ಸೋಪು, ಸೆಂಟುಗಳಲ್ಲೂ ಧಾರಾಳವಾಗಿ ಬಳಕೆಯಾಗುತ್ತವೆ. 1709ರಲ್ಲಿ ಜರ್ಮನಿಯ ಕಲೋನ್ ಪಟ್ಟಣದಲ್ಲಿ ಶುರುವಾದ ಫರೀನಾ ಮನೆತನದ ‘ಓ ಡಿ ಕಲೋನ್’ ಸುಗಂಧದ ಜೀವಾಳವೂ ಬರ್ಗಮಾಟ್ ಎಣ್ಣೆಯೇ. ಅಂದರೆ ಚಹಾಕ್ಕೆ ಬರುವುದಕ್ಕೆ ಮುಂಚೆಯೇ ಈ ವಾಸನೆ ಬಚ್ಚಲುಮನೆಗೆ ಬಂದಿತ್ತು. ನಮ್ಮಲ್ಲಿ ಬಹಳ ಜನ ಇದನ್ನು ಮೊದಲು ಮೂಸಿರುವುದು ಸೋಪಿನಲ್ಲಿ, ಅದಕ್ಕೇ ಕಪ್ಪಿನಲ್ಲಿ ಸಿಕ್ಕಾಗ ಮನಸ್ಸು ಹಿಂಜರಿಯುತ್ತದೆ. ಲಿನಲೂಲ್ ಹೊರಗಿನಿಂದ ಬಂದ ನೆಂಟನೇನೂ ಅಲ್ಲ, ಚಹಾ ಎಲೆಯ ಸಹಜ ಪರಿಮಳದಲ್ಲೇ ಅದು ಇದೆ. ಬರ್ಗಮಾಟ್ ಚಹಾದ ಜೊತೆ ಅಷ್ಟು ಚೆನ್ನಾಗಿ ಕೂಡಿಕೊಳ್ಳುವುದಕ್ಕೆ ಅದೂ ಒಂದು ಕಾರಣ.

ಹಾಗಿದ್ದರೆ ನಿಮ್ಮ ಕಪ್ಪಿನಲ್ಲಿ ಆ ಕೂಡುವಿಕೆ ಕಾಣದೆ ಹೋದದ್ದೇಕೆ? ಕುದಿಸಿದ್ದರಿಂದ. ನೀಲಗಿರಿ ಎಣ್ಣೆ ತೆಗೆಯುವುದನ್ನು ಊಟಿ ಕಡೆ ನೀವು ನೋಡಿರಬಹುದು. ಎಲೆ ತುಂಬಿದ ಹಂಡೆಗೆ ಹಬೆ ಹಾಯಿಸುತ್ತಾರೆ, ಎಣ್ಣೆ ಹಬೆಯ ಜೊತೆ ಎದ್ದು ಹೋಗುತ್ತದೆ, ತಣ್ಣಗಾದ ಮೇಲೆ ಅದನ್ನು ಹಿಡಿದುಕೊಳ್ಳುತ್ತಾರೆ. ಅರ್ಲ್ ಗ್ರೇಯನ್ನು ತೆರೆದ ಪಾತ್ರೆಯಲ್ಲಿ ಕುದಿಸಿದಾಗ ನಿಮ್ಮ ಅಡುಗೆಮನೆಯಲ್ಲೂ ಅದೇ ಆಯಿತು. ಬರ್ಗಮಾಟ್ ಎಣ್ಣೆ ಎಲೆಯ ಒಳಗಿಲ್ಲ, ಚಹಾ ತಯಾರಾದ ಮೇಲೆ ಕಾರ್ಖಾನೆಯಲ್ಲಿ ತಿರುಗುವ ಡ್ರಮ್ಮಿನಲ್ಲಿ ಎಲೆಗೆ ಸಿಂಪಡಿಸಿದ್ದು. ಮೇಲ್ಮೈಯಲ್ಲಿ ಇರುವುದರಿಂದ ಬಿಸಿನೀರು ಬಿದ್ದ ಕೂಡಲೇ ಬಿಟ್ಟುಕೊಡುತ್ತದೆ, ಕುದಿಸಿದರೆ ಹಬೆಯ ಜೊತೆ ಹಾರಿಹೋಗುತ್ತದೆ. ತಾಜಾ ಸಿಪ್ಪೆಯ ಹಗುರ ಪರಿಮಳ ಹೋಗಿ ಭಾರವಾದ, ಜಿಡ್ಡು ಜಿಡ್ಡಾದ ಭಾಗವಷ್ಟೇ ಹಾಲಿನಲ್ಲಿ ಉಳಿಯುತ್ತದೆ. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುತ್ತೀರಲ್ಲ, ಇದಕ್ಕೂ ಅದೇ ಲೆಕ್ಕ.

ಕಹಿಯ ಕಾರಣ ಬೇರೆ. ನಿಮ್ಮ ಮನೆಯ ಪುಡಿ ಸಿ.ಟಿ.ಸಿ. ಚಹಾ. 1930ರ ದಶಕದಲ್ಲಿ ಅಸ್ಸಾಮಿನಲ್ಲಿ ರೂಪುಗೊಂಡ ಯಂತ್ರದಲ್ಲಿ ಎಲೆಯನ್ನು ಜಜ್ಜಿ, ಹರಿದು, ಉಂಡೆಗಟ್ಟಿ ಮಾಡುವ ಬಗೆ ಅದು. ಹಾಲು, ಸಕ್ಕರೆ, ಕುದಿತ ಮೂರನ್ನೂ ತಡೆದುಕೊಂಡು ಬಣ್ಣ, ಗಡಸು ಕೊಡುವ ಚಹಾ. ಅರ್ಲ್ ಗ್ರೇಗೆ ಸಾಮಾನ್ಯವಾಗಿ ಬಳಸುವುದು ಚೀನಾ ಅಥವಾ ಶ್ರೀಲಂಕಾದ ಎಲೆ ಚಹಾ. ಅದನ್ನು ಐದಾರು ನಿಮಿಷ ಕುದಿಸಿದರೆ ಒಗರು, ಕಹಿ ಎರಡೂ ಮಿತಿಮೀರಿ ಇಳಿಯುತ್ತವೆ, ಕಹಿಯನ್ನು ಹೊತ್ತುಕೊಳ್ಳುವ ಮೈಕಟ್ಟು ಮಾತ್ರ ಅದಕ್ಕಿರುವುದಿಲ್ಲ.

ಒಮ್ಮೆ ಹೀಗೆ ಮಾಡಿ ನೋಡಿ. ಒಂದು ಲೋಟಕ್ಕೆ, ಅಂದರೆ ಸುಮಾರು 200 ಮಿ.ಲೀ. ನೀರಿಗೆ, ಒಂದು ಚಹಾ ಚಮಚ ಎಲೆ. ನೀರನ್ನು ಬೇರೆಯಾಗಿ ಕುದಿಸಿ ಎಲೆಯ ಮೇಲೆ ಸುರಿಯಿರಿ, ತಟ್ಟೆ ಮುಚ್ಚಿ ಮೂರರಿಂದ ನಾಲ್ಕು ನಿಮಿಷ ಬಿಟ್ಟು ಸೋಸಿ. ಮುಚ್ಚುವುದನ್ನು ಮರೆಯಬೇಡಿ. ತಟ್ಟೆ ತೆಗೆದಾಗ ಅದರ ಒಳಮೈಯಲ್ಲಿ ನಿಂತ ಹನಿಗಳನ್ನು ಮೂಸಿ ನೋಡಿ, ಮುಚ್ಚದಿದ್ದರೆ ಎಷ್ಟು ಪರಿಮಳ ಹೋಗುತ್ತಿತ್ತು ಎಂಬುದು ಅಲ್ಲೇ ಗೊತ್ತಾಗುತ್ತದೆ. ಸ್ವಲ್ಪ ಸಕ್ಕರೆ ಹಾಕಿಕೊಳ್ಳಿ, ಅದರಲ್ಲಿ ಸಂಕೋಚ ಬೇಡ. ಸಕ್ಕರೆ ಹಣ್ಣಿನ ಕಂಪನ್ನು ಎತ್ತಿಕೊಡುತ್ತದೆ.

ನೀರಿನ ಮಾತು ಹೇಳಲೇಬೇಕು. ನಿಮ್ಮದು ಬೋರ್‌ವೆಲ್ ನೀರಾದರೆ ಹಾಲಿಲ್ಲದ ಚಹಾದ ಮೇಲೆ ಎಣ್ಣೆಯಂತೆ ಹೊಳೆಯುವ ತೆಳುವಾದ ಪೊರೆ ಕಟ್ಟಬಹುದು. ಅದು ಸಿಂಪಡಿಸಿದ ಎಣ್ಣೆಯಲ್ಲ, ಕೆಮಿಕಲ್ಲೂ ಅಲ್ಲ. ಗಡಸು ನೀರಿನ ಸುಣ್ಣದ ಅಂಶವೂ ಚಹಾದ ಸತ್ವವೂ ಸೇರಿ ಗಾಳಿ ತಾಗಿದಾಗ ಕಟ್ಟುವ ಕೆನೆ. ಲಂಡನ್ನಿನ ನೀರೂ ಗಡಸೇ, ಮಗಳನ್ನು ಕೇಳಿದರೆ ಅಲ್ಲಿಯ ಕಪ್ಪಿನಲ್ಲೂ ಕಂಡಿದ್ದೇನೆ ಎಂದಾಳು. ಫಿಲ್ಟರ್ ನೀರು ಬಳಸಿ, ಅಥವಾ ನಾಲ್ಕು ಹನಿ ನಿಂಬೆರಸ ಹಿಂಡಿ, ಪೊರೆ ಹೋಗುತ್ತದೆ. ನಿಂಬೆ ಹಿಂಡಿದಾಗ ಚಹಾದ ಬಣ್ಣ ತಿಳಿಯಾಗುವುದೂ ಸಹಜ. ಕೆಂಪು ಬಣ್ಣ ಕೊಡುವ ಅಂಶಗಳು ಹುಳಿಯಲ್ಲಿ ಮಂಕಾಗುತ್ತವೆ, ಅಷ್ಟೇ.

ಇನ್ನು ಹಾಲು. ಬರ್ಗಮಾಟ್‌ಗೂ ಹಾಲಿಗೂ ಆಗುವುದಿಲ್ಲ ಎಂಬ ಮಾತು ಸುಳ್ಳು. ಹಾಲು ಒಡೆಯುವುದು ಹುಳಿಯಿಂದ, ಅಂದರೆ ನಿಂಬೆಯ ರಸದಿಂದ. ಡಬ್ಬಿಯಲ್ಲಿರುವುದು ಸಿಪ್ಪೆಯ ಎಣ್ಣೆ, ಅದರಲ್ಲಿ ಹುಳಿಯಿಲ್ಲ. ಕೆನಡಾದ ವ್ಯಾಂಕೂವರ್‌ನಲ್ಲಿ ಹುಟ್ಟಿದ ‘ಲಂಡನ್ ಫಾಗ್’ ಎಂಬ ಪಾನೀಯ ಅರ್ಲ್ ಗ್ರೇ, ನೊರೆ ಹಾಲು, ವೆನಿಲ್ಲಾ ಸೇರಿಸಿಯೇ ಮಾಡುವುದು. ಹಾಲಿನಿಂದ ಒಂದು ನಷ್ಟ ಮಾತ್ರ ಉಂಟು. ಪರಿಮಳದ ಎಣ್ಣೆಗಳು ಹಾಲಿನ ಕೊಬ್ಬಿನಲ್ಲಿ ಕರಗಿ ಅಲ್ಲೇ ಕುಳಿತುಬಿಡುತ್ತವೆ, ಮೂಗಿಗೆ ಬರುವುದು ಕಡಿಮೆಯಾಗುತ್ತದೆ. ಹಾಲಿಲ್ಲದೆ ಚಹಾ ಸೇರುವುದೇ ಇಲ್ಲ ಎನ್ನುವವರಿಗೆ ನಾನು ಹೇಳುವ ದಾರಿ ಇದು: ನಿಮ್ಮ ಪುಡಿಯಲ್ಲೇ ಎಂದಿನ ಚಹಾ ಕುದಿಸಿ, ಶುಂಠಿ ಮಾತ್ರ ಬಿಡಿ. ಒಲೆ ಆರಿಸಿದ ಮೇಲೆ ಎರಡು ಲೋಟಕ್ಕೆ ಒಂದು ಚಮಚದಂತೆ ಅರ್ಲ್ ಗ್ರೇ ಹಾಕಿ, ಮುಚ್ಚಿ, ಎರಡು ನಿಮಿಷ ಬಿಟ್ಟು ಸೋಸಿ. ಗಡಸು ನಿಮ್ಮ ಪುಡಿಯದು, ಕಂಪು ಡಬ್ಬಿಯದು. ಅತ್ತೆಯವರಿಗೆ ಮೊದಲು ಕೊಡುವುದಾದರೆ ಇದನ್ನೇ ಕೊಡಿ.

ಇದಕ್ಕಿಂತ ನನಗೆ ಹಿಡಿಸುವುದು ಇರಾನಿನವರ ರೀತಿ. ಅರ್ಲ್ ಗ್ರೇ ಇಂಗ್ಲಿಷರದ್ದು ಎಂದು ಎಲ್ಲರೂ ತಿಳಿದಿರುತ್ತಾರೆ, ಆದರೆ ಇರಾನಿನ ಮನೆಗಳಲ್ಲಿ ಅದಕ್ಕೆ ಇರುವ ಸಲಿಗೆ ದೊಡ್ಡದು. ಅವರು ಅದನ್ನು ಒಂಟಿಯಾಗಿ ಬಳಸುವುದು ಕಡಿಮೆ. ಸಾದಾ ಶ್ರೀಲಂಕಾ ಚಹಾಕ್ಕೋ ತಮ್ಮದೇ ಲಾಹಿಜಾನ್ ಕಡೆಯ ಚಹಾಕ್ಕೋ ಸ್ವಲ್ಪ ಬೆರೆಸಿ ಇಟ್ಟುಕೊಳ್ಳುತ್ತಾರೆ. ಬರ್ಗಮಾಟ್ ಆಗ ಮುಂದೆ ಬಂದು ನಿಲ್ಲುವುದಿಲ್ಲ, ಹಿಂದಿನಿಂದ ಸುಳಿಯುತ್ತದೆ. ನಿಮ್ಮ ಮನೆಗೂ ಇದು ಒಗ್ಗೀತು: ಸಾದಾ ಎಲೆ ಚಹಾ ಮೂರು ಪಾಲು, ಅರ್ಲ್ ಗ್ರೇ ಒಂದು ಪಾಲು. ಸೋಪಿನ ನೆನಪು ಅಷ್ಟಕ್ಕೇ ಅಡಗಿಬಿಡುತ್ತದೆ. ನಿಮ್ಮ ತಮ್ಮ ಕೊಟ್ಟ ಏಲಕ್ಕಿ ಚಹಾವನ್ನೂ ಅವರಂತೆಯೇ ಮಾಡಿ. ಚಿಕ್ಕ ಟೀಪಾಟಿನಲ್ಲಿ ಎಲೆ, ಬೇಕಾದರೆ ಜಜ್ಜಿದ ಒಂದು ಏಲಕ್ಕಿ, ಒಂದೆರಡು ಒಣ ಗುಲಾಬಿ ಎಸಳು ಹಾಕಿ ಕುದಿನೀರು ಸುರಿಯುತ್ತಾರೆ. ಆ ಪಾಟನ್ನು ಸಮೋವಾರ್ (ನೀರು ಕಾಯಿಸುವ ಲೋಹದ ಪಾತ್ರೆ) ಅಥವಾ ಕೆಟಲಿನ ನೆತ್ತಿಯ ಮೇಲಿಟ್ಟು ಹಬೆಯ ಕಾವಿನಲ್ಲಿ ಹತ್ತು ಹದಿನೈದು ನಿಮಿಷ ಬಿಡುತ್ತಾರೆ, ಕುದಿಯಲು ಬಿಡುವುದಿಲ್ಲ. ಗಟ್ಟಿ ಡಿಕಾಕ್ಷನ್ ಗಾಜಿನ ಲೋಟಕ್ಕೆ ಸ್ವಲ್ಪ ಬಗ್ಗಿಸಿ ಬಿಸಿನೀರು ಸೇರಿಸುತ್ತಾರೆ. ಲೋಟವನ್ನು ಬೆಳಕಿಗೆ ಹಿಡಿದು ಬಣ್ಣ ನೋಡಿ ಹದ ನಿರ್ಧರಿಸುವುದು ಅಲ್ಲಿನ ರೂಢಿ. ಸಕ್ಕರೆಯನ್ನು ಕಲಕದೆ, ಉಂಡೆಯನ್ನು ಹಲ್ಲಿನ ನಡುವೆ ಹಿಡಿದು ಚಹಾ ಹೀರುತ್ತಾರೆ. ಕೇಸರಿ ಹಾಕಿದ ಕಲ್ಲುಸಕ್ಕರೆಯೂ ಉಂಟು. ರಷ್ಯನ್ನರದ್ದೂ ಹೆಚ್ಚುಕಡಿಮೆ ಇದೇ ದಾರಿ: ಗಟ್ಟಿ ಡಿಕಾಕ್ಷನ್, ಸಮೋವಾರಿನ ಬಿಸಿನೀರು, ಜೊತೆಗೆ ನಿಂಬೆಯ ಬಿಲ್ಲೆ ಅಥವಾ ಹಣ್ಣಿನ ಜಾಮು.

ನಿಮ್ಮ ತಮ್ಮ ದುಬೈಯಲ್ಲಿ ದಿನವೂ ಕುಡಿಯುವುದು ಬಹುಶಃ ಕರಕ್ ಚಹಾ ಇರಬೇಕು. ನಮ್ಮ ಕಡೆಯಿಂದ, ಪಾಕಿಸ್ತಾನದಿಂದ ದುಡಿಯಲು ಹೋದವರು ಅಲ್ಲಿ ನೆಲೆಗೊಳಿಸಿದ, ಡಬ್ಬಿ ಹಾಲಿನಲ್ಲಿ ಏಲಕ್ಕಿ ಹಾಕಿ ಕುದಿಸುವ ಚಹಾ ಅದು. ಇರಾನಿ ಡಬ್ಬಿಯನ್ನು ಅದಕ್ಕೆ ಬಳಸಬೇಡಿ. ಶುಂಠಿಯ ಖಾರ ಎಷ್ಟು ಕುದಿಸಿದರೂ ಉಳಿಯುತ್ತದೆ, ಏಲಕ್ಕಿಯ ಘಮ ಉಳಿಯುವುದಿಲ್ಲ. ನೀಲಗಿರಿ ಎಣ್ಣೆಯ ಮುಖ್ಯ ಅಂಶವಾದ ಸಿನಿಯೋಲ್ ಏಲಕ್ಕಿಯ ಎಣ್ಣೆಯಲ್ಲೂ ಧಾರಾಳವಾಗಿದೆ, ಅದು ಹಬೆಯ ಜೊತೆ ಹೊರಡಲು ಕಾಯುತ್ತಿರುತ್ತದೆ. ನಿಮ್ಮ ಮನೆಯ ಮಸಾಲೆ ಚಹಾಕ್ಕೂ ಶುಂಠಿಯನ್ನು ಮೊದಲು, ಏಲಕ್ಕಿಯನ್ನು ಇಳಿಸುವ ಹೊತ್ತಿಗೆ ಹಾಕಿ ನೋಡಿ. ಭಟ್ಕಳ, ಮಂಗಳೂರು ಕಡೆ ಊಟವಾದ ಮೇಲೆ ಕೊಡುವ ಸುಲೈಮಾನಿ ಚಹಾದಲ್ಲೂ ನಿಂಬೆರಸ ಬೀಳುವುದು ಒಲೆಯಿಂದ ಇಳಿದ ಮೇಲೆಯೇ.

ಈಗ ಅತ್ತೆಯವರ ಮಾತಿಗೆ ಬರುತ್ತೇನೆ. ಅವರ ಅನುಮಾನವನ್ನು ತಳ್ಳಿಹಾಕಲಾರೆ, ಏಕೆಂದರೆ ಅದಕ್ಕೆ ಇತಿಹಾಸವೇ ಇದೆ. 1830ರಿಂದ 1834ರವರೆಗೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಚಾರ್ಲ್ಸ್ ಗ್ರೇಗೆ ಚೀನಾದ ಅಧಿಕಾರಿಯೊಬ್ಬ ಈ ಚಹಾದ ಗುಟ್ಟು ಕೊಟ್ಟ ಎಂಬ ಕಥೆ ಡಬ್ಬಿಗಳ ಮೇಲೆ ಇರುತ್ತದೆ, ಅದಕ್ಕೆ ಆಧಾರವಿಲ್ಲ. ದಾಖಲೆಯಲ್ಲಿ ಸಿಗುವುದು ಬೇರೆ ಸಂಗತಿ: 1837ರಲ್ಲಿ ಲಂಡನ್ನಿನ ಒಬ್ಬ ವ್ಯಾಪಾರಿಯ ಮೇಲೆ, ಸಾಧಾರಣ ಚಹಾಕ್ಕೆ ಬರ್ಗಮಾಟ್ ಸೇರಿಸಿ ಮೇಲ್ದರ್ಜೆಯದೆಂದು ಮಾರಿದ ಆರೋಪ ಬಂದಿತ್ತು. ಕಂಪು ಬಡಿದು ಕಳಪೆ ಎಲೆ ಮುಚ್ಚಿಹಾಕುವುದು ಈಗಲೂ ನಡೆಯುವಂಥದ್ದೇ. ಪರೀಕ್ಷಿಸುವುದು ಸುಲಭ. ಚಹಾ ಮಾಡಿ ಪೂರ್ತಿ ಆರಲು ಬಿಟ್ಟು ಕುಡಿಯಿರಿ. ಕಂಪು ತಗ್ಗಿದ ಮೇಲೂ ಬಾಯಿಗೆ ಚಹಾದ ರುಚಿ ಸಿಕ್ಕಿದರೆ ಎಲೆ ಒಳ್ಳೆಯದು. ಬರೀ ಒಗರು, ಬರೀ ಸೆಂಟು ಸಿಕ್ಕಿದರೆ ಆ ಕಂಪನಿಯದನ್ನು ಮತ್ತೆ ತರಬೇಡಿ ಎನ್ನಿ. ಎಲೆಯ ನಡುವೆ ನೀಲಿ ಹೂವಿನ ಎಸಳು, ಒಣ ಸಿಪ್ಪೆ ಕಂಡರೆ ಮರುಳಾಗಬೇಕಿಲ್ಲ, ಅವು ಕಣ್ಣಿಗೆ ಹಾಕಿದವು. ರುಚಿ ಬರುವುದು ಎಣ್ಣೆಯಿಂದ.

ಆ ಎಣ್ಣೆ ಹಣ್ಣಿನದ್ದೋ ಕಾರ್ಖಾನೆಯದ್ದೋ? ಎರಡೂ ಮಾರುಕಟ್ಟೆಯಲ್ಲಿವೆ, ಲೇಬಲ್ ಓದಬೇಕು. ‘ಬರ್ಗಮಾಟ್ ಆಯಿಲ್’ ಎಂದು ಸ್ಪಷ್ಟವಾಗಿದ್ದರೆ ಹಣ್ಣಿನದ್ದು. ಬರೀ ‘ಫ್ಲೇವರಿಂಗ್’ ಎಂದಿದ್ದರೆ ಸಂಯೋಜಿಸಿ ಮಾಡಿದ್ದೂ ಆಗಿರಬಹುದು. ಕಾರ್ಖಾನೆಯಲ್ಲಿ ಮಾಡಿದ ಲಿನಲೂಲ್‌ಗೂ ಹಣ್ಣಿನ ಲಿನಲೂಲ್‌ಗೂ ದೇಹ ಭೇದ ಮಾಡುವುದಿಲ್ಲ. ಭೇದ ಗೊತ್ತಾಗುವುದು ನಾಲಿಗೆಗೆ: ಹಣ್ಣಿನ ಎಣ್ಣೆಯಲ್ಲಿ ನೂರಾರು ಸಣ್ಣಪುಟ್ಟ ಅಂಶಗಳಿದ್ದು ರುಚಿಗೆ ಆಳ ಬರುತ್ತದೆ, ನಾಲ್ಕೈದನ್ನೇ ಕೂಡಿಸಿದ್ದು ಚಪ್ಪಟೆಯಾಗಿ ಒಂದೇ ಸ್ವರ ಹಾಡುತ್ತದೆ. ನಾನು ಹಣ್ಣಿನದ್ದನ್ನೇ ಆರಿಸುತ್ತೇನೆ, ಹೆದರಿಕೆಯಿಂದಲ್ಲ, ರುಚಿಗಾಗಿ.

ವಾಟ್ಸ್‌ಆ್ಯಪ್ ಸುದ್ದಿಯ ಹಿಂದೆ ನಿಜವಾದ ಒಂದು ಪ್ರಕರಣ ಇದೆ. 2002ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದದ್ದು. 44 ವರ್ಷದ ಒಬ್ಬರಿಗೆ ಸ್ನಾಯು ಸೆಳೆತ ಬರುತ್ತಿತ್ತು. ಅವರು ಕುಡಿಯುತ್ತಿದ್ದದ್ದು ದಿನಕ್ಕೆ 4 ಲೀಟರಿನವರೆಗೆ ಅರ್ಲ್ ಗ್ರೇ. ಬರ್ಗಮಾಟ್ ಎಣ್ಣೆಯಲ್ಲಿರುವ ಬರ್ಗಾಪ್ಟೆನ್ ಎಂಬ ಅಂಶವೇ ಕಾರಣವಿರಬೇಕು ಎಂದು ವೈದ್ಯರು ತರ್ಕಿಸಿದರು. ಸಾದಾ ಚಹಾಕ್ಕೆ ಬದಲಾಯಿಸಿದ ಮೇಲೆ ತೊಂದರೆ ಹೋಯಿತು. ನಾಲ್ಕು ಲೀಟರ್ ಎಂದರೆ ಇಪ್ಪತ್ತು ಲೋಟ. ಸುದ್ದಿ ಮುಂದೆ ಮುಂದೆ ಕಳಿಸುವವರು ಆ ಅಂಕಿಯನ್ನು ಬಿಟ್ಟುಬಿಡುತ್ತಾರೆ.

ಯಜಮಾನರ ಕೊಲೆಸ್ಟ್ರಾಲ್ ಮಾತ್ರೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಸಿಮ್ವಾಸ್ಟಾಟಿನ್, ಅಟೊರ್ವಾಸ್ಟಾಟಿನ್ ಮುಂತಾದ ಕೆಲವು ಮಾತ್ರೆಗಳ ಜೊತೆ ಗ್ರೇಪ್‌ಫ್ರೂಟ್ ಹಣ್ಣನ್ನು ಡಾಕ್ಟರು ಬೇಡ ಎನ್ನುತ್ತಾರೆ, ಮಾತ್ರೆಯ ಔಷಧಿಯನ್ನು ದೇಹ ಒಡೆದು ಹೊರಹಾಕುವುದನ್ನು ಆ ಹಣ್ಣಿನ ಅಂಶಗಳು ತಡೆಯುತ್ತವೆ. ಆ ಜಾತಿಯ ಅಂಶ ಬರ್ಗಮಾಟ್‌ನಲ್ಲೂ ಇದೆ. ಆದರೆ ಒಂದು ಲೋಟ ಚಹಾದಲ್ಲಿ ಬರುವ ಎಣ್ಣೆ ತೀರಾ ಅಲ್ಪ, ಒಂದು ಹಣ್ಣು ತಿನ್ನುವುದಕ್ಕೂ ಅದಕ್ಕೂ ಹೋಲಿಕೆಯಿಲ್ಲ. ದಿನಕ್ಕೆ ಒಂದೆರಡು ಲೋಟ ಕುಡಿಯುವ ವಿಚಾರ ಡಾಕ್ಟರಿಗೆ ಹೇಳಿ, ಮಾತ್ರೆಯ ಹೆಸರು ತೋರಿಸಿ ಕೇಳಿಕೊಳ್ಳಿ. ಕೊಲೆಸ್ಟ್ರಾಲ್‌ಗೆ ಒಳ್ಳೆಯದೆಂದು ಮಾರುವ ಬರ್ಗಮಾಟ್ ಕ್ಯಾಪ್ಸೂಲುಗಳನ್ನು ಮಾತ್ರ ಕೇಳದೆ ಮುಟ್ಟಬೇಡಿ, ಅಲ್ಲಿ ಪ್ರಮಾಣವೇ ಬೇರೆ.

ಬಿ.ಪಿ. ಇರುವವರ ಮನೆಗೆ ಕಂಪಿನ ಚಹಾ ಬಂದಾಗ ನಾನು ಡಬ್ಬಿ ತಿರುಗಿಸಿ ಹುಡುಕುವುದು ಬರ್ಗಮಾಟ್ ಅಲ್ಲ, ‘ಲಿಕೋರಿಸ್’. ನಮ್ಮ ಜ್ಯೇಷ್ಠಮಧು. ಸಕ್ಕರೆಯಿಲ್ಲದೆ ಸಿಹಿ ಬರಲೆಂದು ಮಸಾಲೆ ಚಹಾ, ‘ಚಾಯ್’ ಮಿಶ್ರಣಗಳಲ್ಲಿ ಇದನ್ನು ಸೇರಿಸುತ್ತಾರೆ. ದಿನವೂ ಹೆಚ್ಚಾಗಿ ಹೊಟ್ಟೆಗೆ ಹೋದರೆ ಇದು ದೇಹದ ಪೊಟ್ಯಾಸಿಯಂ ಇಳಿಸಿ ರಕ್ತದೊತ್ತಡ ಏರಿಸುತ್ತದೆ. ಗಂಟಲಿಗೆ ಒಳ್ಳೆಯದು ಎಂಬ ಹೆಸರಿರುವುದರಿಂದ ಯಾರೂ ಅನುಮಾನಿಸುವುದಿಲ್ಲ. ನಿಮ್ಮ ಮೂರು ಡಬ್ಬಿಗಳಲ್ಲಿ ಅದು ಇರಲಾರದು, ಆದರೂ ಒಮ್ಮೆ ನೋಡಿಬಿಡಿ, ಮಗಳು ಮುಂದಿನ ಸಲ ತರುವಾಗಲೂ ನೋಡಲು ಹೇಳಿ. ಕೆಫೀನ್ ಲೆಕ್ಕದಲ್ಲಿ ಕಂಪಿನ ಕಪ್ಪು ಚಹಾ ಸಾದಾ ಚಹಾದಷ್ಟೇ. ಹೂವಿನ ವಾಸನೆ ಇದೆಯೆಂದು ರಾತ್ರಿ ಮಲಗುವ ಮುನ್ನ ಕುಡಿದರೆ ನಿದ್ದೆ ಕೆಡುತ್ತದೆ. ರಕ್ತ ಕಡಿಮೆ ಇರುವವರು ಯಾವ ಚಹಾವಾದರೂ ಊಟಕ್ಕಿಂತ ಒಂದು ಗಂಟೆ ಬಿಟ್ಟು ಕುಡಿಯಲಿ, ಆಹಾರದ ಕಬ್ಬಿಣಾಂಶ ಹಿಡಿಯುವುದನ್ನು ಚಹಾ ತಡೆಯುತ್ತದೆ.

ಲ್ಯಾಪ್ಸಾಂಗ್ ಸೂಚಾಂಗ್‌ನ ಕಟ್ಟಿಗೆ ವಾಸನೆ ದೋಷವಲ್ಲ, ಅದರ ಹುಟ್ಟುಗುಣ. ಚೀನಾದ ಫುಜಿಯಾನ್ ಪ್ರಾಂತದ ವುಯಿ ಬೆಟ್ಟಗಳಲ್ಲಿ ತೋಂಗ್‌ಮು ಎಂಬ ಹಳ್ಳಿ ಇದರ ತವರು. ಮರದ ಅಟ್ಟದ ಮನೆಯ ಕೆಳಗೆ ಪೈನ್ ಕಟ್ಟಿಗೆ ಉರಿಸಿ, ಮೇಲಿನ ಅಂತಸ್ತುಗಳಲ್ಲಿ ಎಲೆ ಬಾಡಿಸಿ ಒಣಗಿಸುತ್ತಾರೆ. ತೋಂಗ್‌ಮುವಿನ ಒಳ್ಳೆಯ ಚಹಾದಲ್ಲಿ ಹೊಗೆ ಮೆಲ್ಲಗಿದ್ದು, ಅದರ ಹಿಂದೆ ಒಣ ಹಣ್ಣಿನ ಸಿಹಿ ಇರುತ್ತದೆ. ಡಾಂಬರಿನಷ್ಟು ಗಾಢ ಹೊಗೆಯದು ಹೆಚ್ಚಾಗಿ ಹೊರಗೆ ತಯಾರಾಗಿ ರಫ್ತಾಗುವುದು. ಹೊಗೆಯಲ್ಲಿ ಬೇಡದ ಅಂಶಗಳೂ ಸೇರುತ್ತವೆ. ಆಂತ್ರಾಕ್ವಿನೋನ್ ಎಂಬ ಒಂದಕ್ಕೆ ಯುರೋಪಿನ ಒಕ್ಕೂಟ ಚಹಾದಲ್ಲಿ ಕೆ.ಜಿ.ಗೆ 0.02 ಮಿ.ಗ್ರಾಂ ಮಿತಿ ಹಾಕಿದ ಮೇಲೆ ಹೊಗೆ ಚಹಾದ ಮಾರಾಟಕ್ಕೆ ಅಲ್ಲಿ ಪೆಟ್ಟು ಬಿತ್ತು. ಆಗೊಮ್ಮೆ ಈಗೊಮ್ಮೆ ಒಂದು ಲೋಟ ಕುಡಿಯುವವರಿಗೆ ಇದು ಚಿಂತಿಸುವ ವಿಷಯವಲ್ಲ, ದಿನದ ಚಹಾ ಮಾಡಿಕೊಳ್ಳಬೇಡಿ ಎಂದಷ್ಟೇ ನನ್ನ ಸಲಹೆ. ಮೊದಲ ಸಲಕ್ಕೆ ನಾಲ್ಕು ಪಾಲು ಅಸ್ಸಾಂ ಅಥವಾ ನೀಲಗಿರಿ ಎಲೆಗೆ ಒಂದು ಪಾಲು ಬೆರೆಸಿ, ಹಾಲಿಲ್ಲದೆ ಮಾಡಿ. ಖಾರದ ತಿಂಡಿಯ ಜೊತೆ, ಮಂಡಕ್ಕಿ ಮೆಣಸಿನಕಾಯಿ ಬಜ್ಜಿಯ ಜೊತೆಗೂ, ಇದು ಸೊಗಸಾಗಿ ಹೋಗುತ್ತದೆ.

ಮಲ್ಲಿಗೆಯ ಪ್ರಶ್ನೆ ಕೇಳಿದ್ದಕ್ಕೆ ಖುಷಿಯಾಯಿತು. ಚೀನಾದ ಫುಝೌ ಕಡೆ ಮಲ್ಲಿಗೆ ಚಹಾ ಮಾಡುವುದು ನಮ್ಮ ಉಡುಪಿ ಮಲ್ಲಿಗೆಯ ಜಾತಿಯ ಹೂವಿನಿಂದಲೇ, ಹೆಚ್ಚಾಗಿ ಹಸಿರು ಚಹಾದ ಮೇಲೆ. ಹಗಲಲ್ಲಿ ಮೊಗ್ಗು ಬಿಡಿಸಿ, ರಾತ್ರಿ ಅರಳುವ ಹೊತ್ತಿಗೆ ಒಣ ಚಹಾದ ಜೊತೆ ಬೆರೆಸುತ್ತಾರೆ. ಒಣ ಎಲೆ ಕಂಪನ್ನೂ ತೇವವನ್ನೂ ಹೀರಿಕೊಳ್ಳುತ್ತದೆ. ಬೆಳಗಾಗುವಾಗ ಹೂವು ಬೇರ್ಪಡಿಸಿ, ಎಲೆಯನ್ನು ಮತ್ತೆ ಒಣಗಿಸುತ್ತಾರೆ. ಒಳ್ಳೆಯ ದರ್ಜೆಗೆ ಹೊಸ ಹೂವಿನೊಡನೆ ಹಲವು ರಾತ್ರಿ ಹೀಗೇ. ಮನೆಯಲ್ಲಿ ಮಾಡುವುದಾದರೆ ತೊಡಕೆಲ್ಲ ಆ ತೇವದ್ದು. ಮತ್ತೆ ಒಣಗಿಸುವ ಅನುಕೂಲ ನಮ್ಮಲ್ಲಿ ಇರುವುದಿಲ್ಲ, ಡಬ್ಬಿಗೆ ತುಂಬಿಟ್ಟರೆ ಬೂಷ್ಟು ಬರುತ್ತದೆ. ಆದ್ದರಿಂದ ಬೆಳಗಿನ ಚಹಾಕ್ಕೆ ಬೇಕಾದಷ್ಟೇ ಎಲೆ ತೆಗೆದುಕೊಳ್ಳಿ. ಸಂಜೆ ಬಿಡಿಸಿದ, ನೀರು ತಾಗದ ಹತ್ತು ಹನ್ನೆರಡು ಮೊಗ್ಗಿನ ಜೊತೆ ಗಾಜಿನ ಬಾಟಲಿಯಲ್ಲಿ ಮುಚ್ಚಿಡಿ. ಬೆಳಿಗ್ಗೆ ಹೂವು ತೆಗೆದು, ಎಲೆಯನ್ನು ಆಗಲೇ ಬಳಸಿಬಿಡಿ. ಸಿ.ಟಿ.ಸಿ. ಪುಡಿಯ ಗಡಸು ಮಲ್ಲಿಗೆಯನ್ನು ನುಂಗಿಹಾಕುತ್ತದೆ, ನೀಲಗಿರಿಯ ತಿಳಿಯಾದ ಎಲೆ ಚಹಾ ಇದಕ್ಕೆ ಸರಿ. ಹೂವು ನಿಮ್ಮ ಹಿತ್ತಲದ್ದೇ ಆಗಿರಲಿ, ಔಷಧಿ ಹೊಡೆದಿರಬಾರದು. ಮಾರುಕಟ್ಟೆಯ ದಂಡೆ, ಹೂವಿನಂಗಡಿಯ ಗುಲಾಬಿ ಯಾವ ಕಾರಣಕ್ಕೂ ಬೇಡ. ಅವಕ್ಕೆ ಹೊಡೆಯುವ ಕೀಟನಾಶಕ ಮುಡಿಯುವ ಹೂವಿನ ಲೆಕ್ಕದ್ದು, ಹೊಟ್ಟೆಗೆ ಹೋಗುವ ಲೆಕ್ಕದ್ದಲ್ಲ.

ಇಡುವ ಜಾಗದ ಬಗ್ಗೆಯೂ ಹೇಳಿಬಿಡುತ್ತೇನೆ. ಚಹಾ ಎಲೆ ಪಕ್ಕದಲ್ಲಿರುವುದರ ವಾಸನೆಯನ್ನೆಲ್ಲ ಎಳೆದುಕೊಳ್ಳುತ್ತದೆ. ಮೂರು ಡಬ್ಬಿಗಳನ್ನೂ ಸಾರಿನ ಪುಡಿ, ಇಂಗಿನಿಂದ ದೂರವಿಡಿ, ಲ್ಯಾಪ್ಸಾಂಗ್ ಡಬ್ಬಿಯನ್ನು ಉಳಿದೆರಡರಿಂದಲೂ ದೂರ. ಒಲೆಯ ಮೇಲಿನ ಶೆಲ್ಫು ಬೇಡ, ಕಾವು ಬೆಳಕು ಎರಡೂ ಬರ್ಗಮಾಟ್ ಎಣ್ಣೆಯನ್ನು ಕೆಡಿಸಿ ವಾರ್ನಿಷ್ ವಾಸನೆ ಬರಿಸುತ್ತವೆ. ಫ್ರಿಜ್ಜೂ ಬೇಡ, ಹೊರತೆಗೆದಾಗಲೆಲ್ಲ ಎಲೆ ತೇವ ಹಿಡಿಯುತ್ತದೆ. ತೆರೆದ ಮೇಲೆ ಅರ್ಲ್ ಗ್ರೇಯನ್ನು ಮೂರು ನಾಲ್ಕು ತಿಂಗಳಲ್ಲಿ ಮುಗಿಸಿ, ಆಮೇಲೆ ಅದು ವಿಷವಾಗುವುದಿಲ್ಲ, ಬರೀ ಸಪ್ಪೆಯಾಗುತ್ತದೆ. ಏಲಕ್ಕಿಯದನ್ನು ಅದರ ಬೆನ್ನಿಗೇ ಮುಗಿಸಿ. ಹೊಗೆಯದು ಗಾಳಿಯಾಡದಂತೆ ಮುಚ್ಚಿಟ್ಟರೆ ವರ್ಷವಾದರೂ ಹಾಗೇ ಇರುತ್ತದೆ.